ಆಪರೇಷನ್ ಇವತ್ತೇ ಏಕೆ ಬೇಡ? ಮಕ್ಕಳ ಶಸ್ತ್ರಚಿಕಿತ್ಸಕರು ಐಸಿಯುನಲ್ಲಿ ಕಲಿಯುವ ವಿದ್ಯೆ

ಹುಟ್ಟಿ ಒಂದು ದಿನವೂ ಆಗದ ಮಗುವನ್ನು ಜಿಲ್ಲಾ ಆಸ್ಪತ್ರೆಯಿಂದ ದೊಡ್ಡ ಊರಿನ ಮಕ್ಕಳ ಆಸ್ಪತ್ರೆಗೆ ತರುತ್ತಾರೆ. ಎಕ್ಸ್‌ರೇ ನೋಡಿದ್ದಾಗಿದೆ, ಕಾಯಿಲೆ ಏನೆಂದು ಗೊತ್ತಾಗಿದೆ, ಶಸ್ತ್ರಚಿಕಿತ್ಸೆ ಬೇಕೇ ಬೇಕು ಎನ್ನುವುದೂ ಖಚಿತವಾಗಿದೆ. ಆದರೂ ಸರ್ಜನ್ ಹೊರಗೆ ಬಂದು, "ಇವತ್ತು ಮಾಡುವುದಿಲ್ಲ, ಮಗು ಮೊದಲು ಸ್ವಲ್ಪ ಚೇತರಿಸಿಕೊಳ್ಳಲಿ, ಎರಡು ಮೂರು ದಿನ ನೋಡೋಣ" ಎನ್ನುತ್ತಾರೆ. ಹೊರಗೆ ಕಾದಿರುವ ತಂದೆಗೆ, ಅಜ್ಜಿಗೆ ಈ ಮಾತು ಅರ್ಥವಾಗುವುದಿಲ್ಲ. ಹಾಸಿಗೆ ಖಾಲಿ ಇಲ್ಲವೇ, ಬಿಲ್ ಬೆಳೆಸುವುದಕ್ಕೆ ಹೀಗೆ ಮಾಡುತ್ತಿದ್ದಾರೆಯೇ, ಡಾಕ್ಟರಿಗೇ ಧೈರ್ಯ ಸಾಲುತ್ತಿಲ್ಲವೇ ಎಂಬ ಅನುಮಾನಗಳು ಏಳುತ್ತವೆ. ಸಂಕಟದಲ್ಲಿರುವವರಿಗೆ ಅಂಥ ಅನುಮಾನ ಸಹಜ.

ಬಹಳಷ್ಟು ಸಂದರ್ಭಗಳಲ್ಲಿ ಆ ಕಾಯುವಿಕೆಯೇ ಚಿಕಿತ್ಸೆ. ಮಗುವಿಗೆ ಯಾವಾಗ ಕತ್ತಿ ಇಡಬೇಕು, ಯಾವಾಗ ಇಡಬಾರದು, ಇಟ್ಟ ಮೇಲೆ ಮುಂದಿನ ಎಪ್ಪತ್ತೆರಡು ಗಂಟೆ ಆ ಪುಟ್ಟ ದೇಹವನ್ನು ಹೇಗೆ ಕಾಪಾಡಬೇಕು ಎನ್ನುವುದು ಮಕ್ಕಳ ಶಸ್ತ್ರಚಿಕಿತ್ಸಕರು ಪ್ರತ್ಯೇಕವಾಗಿ ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ. ಹೊಲಿಗೆ ಹಾಕುವ ಕೈಚಳಕದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಈ ಇನ್ನೊಂದು ವಿದ್ಯೆಯ ಬಗ್ಗೆ ಮಾತು ಕಡಿಮೆ. ಈ ಲೇಖನ ಅದರ ಕುರಿತು.

ಮೊದಲು, ಯಾರು ಯಾರು ಅಲ್ಲಿರುತ್ತಾರೆ

ತೀವ್ರ ನಿಗಾ ಘಟಕ ಅಥವಾ ಐಸಿಯು ಎಂದರೆ ಉಸಿರಾಟ, ರಕ್ತ ಸಂಚಾರ, ಮೂತ್ರಪಿಂಡ, ಮಿದುಳು ಇವುಗಳಲ್ಲಿ ಒಂದೋ ಹೆಚ್ಚೋ ಸೋಲುವ ಸ್ಥಿತಿಯಲ್ಲಿರುವವರನ್ನು ಕ್ಷಣಕ್ಷಣವೂ ನೋಡಿಕೊಳ್ಳುವ ಜಾಗ. ಮಕ್ಕಳಿಗೆ ಇಂಥ ಘಟಕಗಳು ಎರಡು ಬಗೆ. ನವಜಾತ ಶಿಶುಗಳಿಗೆ, ಅಂದರೆ ಹುಟ್ಟಿದ ಮೊದಲ 28 ದಿನಗಳ ಮಕ್ಕಳಿಗೆ, ಎನ್‌ಐಸಿಯು. ಅದಕ್ಕಿಂತ ದೊಡ್ಡ ಮಕ್ಕಳಿಗೆ ಪಿಐಸಿಯು.

ಅಲ್ಲಿ ಮಗುವಿನ ಸುತ್ತ ಹಲವು ತಜ್ಞರಿರುತ್ತಾರೆ. ಶಸ್ತ್ರಚಿಕಿತ್ಸಕರು ದೇಹದ ರಚನೆಯಲ್ಲಿರುವ ದೋಷ ಸರಿಪಡಿಸುತ್ತಾರೆ. ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮಗುವಿನ ಪ್ರಜ್ಞೆ, ನೋವು, ಉಸಿರಾಟವನ್ನು ನೋಡಿಕೊಳ್ಳುತ್ತಾರೆ. ತೀವ್ರ ನಿಗಾ ತಜ್ಞರು ಐಸಿಯು ನಡೆಸುತ್ತಾರೆ. ಇಪ್ಪತ್ನಾಲ್ಕು ಗಂಟೆ ಮಗುವಿನ ಪಕ್ಕದಲ್ಲೇ ಇರುವವರು ಮಾತ್ರ ನರ್ಸ್‌ಗಳು. ತೀವ್ರ ನಿಗಾ ತಜ್ಞರು ಇದ್ದಮೇಲೆ ಸರ್ಜನ್‌ಗೆ ಈ ವಿದ್ಯೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಹೊಟ್ಟೆಯ ಒಳಗೆ ತಾನು ಏನು ಕಂಡೆ, ಹೊಲಿಗೆ ಎಷ್ಟು ಬಿಗಿ, ಎಲ್ಲಿ ಸೋರುವ ಭಯವಿದೆ ಎನ್ನುವುದು ಸರ್ಜನ್‌ಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮಾನಿಟರ್ ತೋರಿಸುವ ಸಂಖ್ಯೆಯನ್ನು ಒಳಗಿನ ಆ ಚಿತ್ರದೊಂದಿಗೆ ಜೋಡಿಸಿ ನೋಡಬಲ್ಲವರು ಅವರೇ. ಎರಡೂ ಬಾರದಿದ್ದರೆ ಜೋಡಿಸುವುದು ಹೇಗೆ?

ಮೂರು ಕಿಲೋ ದೇಹದ ಲೆಕ್ಕ

ಮಗುವಿನ ದೇಹ ದೊಡ್ಡವರ ದೇಹದಂತೆ ನಡೆದುಕೊಳ್ಳುವುದಿಲ್ಲ. ಈ ವ್ಯತ್ಯಾಸಗಳು ತಿಳಿಯದೆ ಮುಂದಿನದು ಅರ್ಥವಾಗದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೂರು ಕಿಲೋ ತೂಕದ ನವಜಾತ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್. ಕಿಲೋಗೆ 80ರಿಂದ 85 ಮಿಲಿಲೀಟರ್ ಎಂಬ ಲೆಕ್ಕ. ಅರ್ಧ ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್ ಒಡೆದು ಅರ್ಧ ಬಗ್ಗಿಸಿದರೆ ಎಷ್ಟಾಗುತ್ತದೋ ಅಷ್ಟು. ಶಸ್ತ್ರಚಿಕಿತ್ಸೆಯಲ್ಲಿ 25 ಮಿಲಿಲೀಟರ್ ರಕ್ತ ಹೋದರೆ ಮೈಯ ರಕ್ತದಲ್ಲಿ ಹತ್ತನೇ ಒಂದು ಭಾಗ ಹೋದಂತೆ. ಅದೇ ಪಾಲು ದೊಡ್ಡವರಿಂದ ಹೋಗಬೇಕಾದರೆ ಅರ್ಧ ಲೀಟರ್ ಹರಿಯಬೇಕು. ಆದ್ದರಿಂದಲೇ ಮಕ್ಕಳ ಆಪರೇಷನ್ ಥಿಯೇಟರಿನಲ್ಲಿ ರಕ್ತ ಹೀರಿದ ಗಾಜ್ ಬಟ್ಟೆಯನ್ನು ಎಸೆಯುವ ಮೊದಲು ತೂಕ ಮಾಡುತ್ತಾರೆ. ಐಸಿಯುನಲ್ಲಿ ಪರೀಕ್ಷೆಗೆಂದು ಪದೇ ಪದೇ ತೆಗೆಯುವ ರಕ್ತವನ್ನೂ ಲೆಕ್ಕದಲ್ಲಿ ಹಿಡಿಯಬೇಕಾಗುತ್ತದೆ.

ಇನ್ನು ರಕ್ತದೊತ್ತಡ. ದೊಡ್ಡವರಿಗೆ ರಕ್ತಸ್ರಾವವಾದರೆ ಒತ್ತಡ ಇಳಿಯುವುದನ್ನು ನೋಡಿ ಎಚ್ಚರಗೊಳ್ಳಬಹುದು. ಮಕ್ಕಳ ರಕ್ತನಾಳಗಳು ಬಿಗಿದುಕೊಂಡು ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೈಯ ರಕ್ತದಲ್ಲಿ ಶೇ 30ರಷ್ಟು ಹೋಗುವವರೆಗೂ ಮಗುವಿನ ರಕ್ತದೊತ್ತಡ ಸರಿಯಾಗಿಯೇ ಇದೆ ಎಂಬಂತೆ ಕಾಣಬಹುದು. ಆಮೇಲೆ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಆಗ ಮೇಲೆತ್ತುವುದು ಬಹಳ ಕಷ್ಟ. ಹಾಗಾದರೆ ಮೊದಲೇ ತಿಳಿಯುವುದು ಹೇಗೆ? ನಾಡಿಬಡಿತ ಏರುತ್ತದೆ. ಪುಟ್ಟ ಹೃದಯಕ್ಕೆ ಪ್ರತಿ ಬಡಿತದಲ್ಲಿ ಹೆಚ್ಚು ರಕ್ತ ತಳ್ಳುವ ಶಕ್ತಿ ಕಡಿಮೆ, ಆದ್ದರಿಂದ ಅದು ಬಡಿತದ ವೇಗ ಹೆಚ್ಚಿಸುತ್ತದೆ. ಕೈಕಾಲು ತಣ್ಣಗಾಗುತ್ತವೆ. ಎದೆಯ ಮೇಲಿನ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಕಡೆ ಮತ್ತೆ ಕೆಂಪಾಗಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಮೂತ್ರ ಕಡಿಮೆಯಾಗುತ್ತದೆ. ಗಂಟೆಗೆ ಕಿಲೋಗೆ ಕನಿಷ್ಠ ಒಂದು ಮಿಲಿಲೀಟರ್ ಮೂತ್ರ ಬರುತ್ತಿದ್ದರೆ ಒಳಗೆ ರಕ್ತ ಸಂಚಾರ ಸಾಕಷ್ಟಿದೆ ಎಂದು ಧೈರ್ಯ. ದುಬಾರಿ ಯಂತ್ರ ಬೇಡದ ಈ ಗುರುತುಗಳನ್ನು ಓದಲು ಕಲಿಯುವುದು ತರಬೇತಿಯ ಮೊದಲ ಪಾಠ, ಕೊನೆಯವರೆಗೂ ಮುಗಿಯದ ಪಾಠ.

ಉಸಿರಿನ ದಾರಿಯ ಕಥೆ ಇನ್ನೂ ನಾಜೂಕು. ಶಿಶುವಿನ ಶ್ವಾಸನಾಳದ ಅಡ್ಡಗಲ ಸುಮಾರು 4 ಮಿಲಿಮೀಟರ್. ಅದರ ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡರೆ ಉಳಿಯುವುದು 2 ಮಿಲಿಮೀಟರ್ ದಾರಿ. ಅಂದರೆ ಗಾಳಿ ಹೋಗುವ ಜಾಗದಲ್ಲಿ ಮುಕ್ಕಾಲು ಭಾಗ ಮುಚ್ಚಿತು. ದೊಡ್ಡವರ ಶ್ವಾಸನಾಳದಲ್ಲಿ ಅಷ್ಟೇ ಊತ ಬಂದರೆ ಧ್ವನಿ ಕರ್ಕಶವಾಗಬಹುದು, ಹೆಚ್ಚಿನದೇನೂ ಆಗದು. ನವಜಾತ ಶಿಶುವಿನ ಇಡೀ ಶ್ವಾಸನಾಳದ ಉದ್ದ ಸುಮಾರು 4ರಿಂದ 5 ಸೆಂಟಿಮೀಟರ್. ವೆಂಟಿಲೇಟರ್ ಕೊಳವೆ ಒಂದು ಸೆಂಟಿಮೀಟರ್ ಕೆಳಗೆ ಜಾರಿದರೆ ಒಂದೇ ಶ್ವಾಸಕೋಶಕ್ಕೆ ಗಾಳಿ, ಮೇಲೆ ಜಾರಿದರೆ ಕೊಳವೆಯೇ ಹೊರಗೆ. ಮಗುವಿನ ತಲೆ ಬಗ್ಗಿಸಿದರೂ ಎತ್ತಿದರೂ ಇದು ನಡೆಯಬಹುದು. ಅದೂ ಅಲ್ಲದೆ, ತೂಕಕ್ಕೆ ಹೋಲಿಸಿದರೆ ಶಿಶುವಿಗೆ ಬೇಕಾದ ಆಮ್ಲಜನಕ ದೊಡ್ಡವರಿಗೆ ಬೇಕಾದುದರ ಸುಮಾರು ಎರಡು ಪಟ್ಟು. ಉಸಿರು ನಿಂತರೆ ಸಿಗುವ ಸಮಯ ಅಷ್ಟೇ ಕಡಿಮೆ.

ಶಾಖ, ಸಕ್ಕರೆ, ಔಷಧದ ಪ್ರಮಾಣ ಇವೂ ಇದೇ ದಾರಿಯವು. ಶಿಶುವಿನ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹೀಗಾಗಿ ಬೇಗ ತಣ್ಣಗಾಗುತ್ತದೆ. ನಡುಗಿ ಶಾಖ ಹುಟ್ಟಿಸಿಕೊಳ್ಳುವುದೂ ಅದಕ್ಕೆ ಬಾರದು. ಸರ್ಜನ್ ಬೆವರುವಷ್ಟು ಥಿಯೇಟರ್ ಬೆಚ್ಚಗಿರುವುದು ಇದಕ್ಕಾಗಿಯೇ. ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆಯಿರುವುದರಿಂದ ಕೆಲವು ಗಂಟೆ ಉಪವಾಸವಿದ್ದರೂ ರಕ್ತದ ಸಕ್ಕರೆ ಇಳಿದು ಮಿದುಳಿಗೆ ಪೆಟ್ಟಾಗಬಹುದು. ಔಷಧಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ಕೊಡಬೇಕು, ಬರೆಯುವಾಗ ದಶಮಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ ಹತ್ತು ಪಟ್ಟು ಔಷಧ ಒಳಗೆ ಹೋಗುತ್ತದೆ.

ರಕ್ತನಾಳದ ಮೂಲಕ ಕೊಡುವ ದ್ರವದ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಮಗುವಿಗೆ ದಿನಕ್ಕೆ ಎಷ್ಟು ದ್ರವ ಬೇಕು ಎಂಬ ಸೂತ್ರವನ್ನು ಹಾಲಿಡೇ ಮತ್ತು ಸೆಗಾರ್ ಎಂಬ ಇಬ್ಬರು ವೈದ್ಯರು 1957ರಲ್ಲಿ ಕೊಟ್ಟರು. ಮೊದಲ ಹತ್ತು ಕಿಲೋಗೆ ಕಿಲೋಗೆ 100 ಮಿಲಿಲೀಟರ್, ಮುಂದಿನ ಹತ್ತಕ್ಕೆ 50, ಆಮೇಲೆ 20. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ಒತ್ತಡದಲ್ಲಿ ಮಗುವಿನ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಉಪ್ಪಿನಂಶ ಕಡಿಮೆಯಿರುವ ದ್ರವ ಕೊಟ್ಟರೆ ರಕ್ತದ ಸೋಡಿಯಂ ಇಳಿದು ಮಿದುಳು ಊದಿಕೊಳ್ಳಬಹುದು. ಇದು ಮನವರಿಕೆಯಾಗಲು ದಶಕಗಳೇ ಹಿಡಿದವು. 28 ದಿನ ದಾಟಿದ ಮಕ್ಕಳಿಗೆ ರಕ್ತದಷ್ಟೇ ಉಪ್ಪಿನಂಶವಿರುವ ದ್ರವವನ್ನೇ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬಾಟಲಿ ಏರಿಸುವುದು ಸಣ್ಣ ಕೆಲಸ ಎಂದುಕೊಂಡಿರುವವರು ಇದನ್ನು ಗಮನಿಸಬೇಕು.

ವಪೆಯ ರಂಧ್ರ ಕಲಿಸಿದ ಪಾಠ

ಆಪರೇಷನ್ ಇವತ್ತೇ ಏಕೆ ಬೇಡ ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಕೊಡುವ ಕಾಯಿಲೆ ಒಂದಿದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇರುತ್ತದೆ. ಸುಮಾರು ಎರಡೂವರೆಯಿಂದ ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಗರ್ಭದಲ್ಲಿಯೇ ಆ ಪರದೆ ಪೂರ್ತಿ ಮುಚ್ಚಿಕೊಳ್ಳದೆ ರಂಧ್ರ ಉಳಿಯುತ್ತದೆ, ಹೆಚ್ಚಾಗಿ ಎಡಗಡೆ. ಕರುಳು, ಜಠರ ಎಲ್ಲ ಆ ರಂಧ್ರದ ಮೂಲಕ ಎದೆಗೆ ಏರಿ ಕೂರುತ್ತವೆ. ಮಗು ಹುಟ್ಟಿದ ಕೂಡಲೇ ಉಸಿರಿಗೆ ಒದ್ದಾಡುತ್ತದೆ.

ಎಕ್ಸ್‌ರೇಯಲ್ಲಿ ಎದೆಯೊಳಗೆ ಕರುಳು ಕಂಡರೆ ಯಾರಿಗಾದರೂ ಹೊಳೆಯುವುದು ಒಂದೇ ಯೋಚನೆ: ಕರುಳು ಶ್ವಾಸಕೋಶವನ್ನು ಒತ್ತುತ್ತಿದೆ, ಕೆಳಗೆ ಎಳೆದು ರಂಧ್ರ ಹೊಲಿದರೆ ಮಗು ಉಸಿರಾಡುತ್ತದೆ. ದಶಕಗಳ ಕಾಲ ಶಸ್ತ್ರಚಿಕಿತ್ಸಕರೂ ಹೀಗೆಯೇ ಯೋಚಿಸಿದರು. ಮಧ್ಯರಾತ್ರಿಯಾದರೂ ಸರಿ, ಮಗು ಬಂದ ಕೂಡಲೇ ಥಿಯೇಟರಿಗೆ ಒಯ್ಯುತ್ತಿದ್ದರು. ಹೊಲಿಗೆ ಚೆನ್ನಾಗಿಯೇ ಆಗುತ್ತಿತ್ತು. ಎಷ್ಟೋ ಮಕ್ಕಳು ಕೆಲವು ಗಂಟೆ ಚೇತರಿಸಿಕೊಂಡಂತೆ ಕಂಡು, ಆಮೇಲೆ ನೀಲಿಗಟ್ಟಿ ತೀರಿಕೊಳ್ಳುತ್ತಿದ್ದವು.

ಕಾರಣ ನಿಧಾನವಾಗಿ ತಿಳಿಯಿತು. ಗರ್ಭದಲ್ಲಿ ತಿಂಗಳುಗಟ್ಟಲೆ ಒತ್ತಿಸಿಕೊಂಡ ಶ್ವಾಸಕೋಶ ಬೆಳೆದೇ ಇರುವುದಿಲ್ಲ. ಅದರೊಳಗಿನ ರಕ್ತನಾಳಗಳು ದಪ್ಪಗಾಗಿ, ಬಿಗಿದುಕೊಂಡಿರುತ್ತವೆ. ಕರುಳನ್ನು ಕೆಳಗಿಳಿಸಿದ ಮಾತ್ರಕ್ಕೆ ಶ್ವಾಸಕೋಶ ಬೆಳೆಯುವುದಿಲ್ಲ. ಬದಲಿಗೆ, ಶಸ್ತ್ರಚಿಕಿತ್ಸೆಯ ಆಘಾತದಿಂದ ಆ ರಕ್ತನಾಳಗಳು ಇನ್ನಷ್ಟು ಬಿಗಿಯುತ್ತವೆ, ಎದೆ ಇನ್ನಷ್ಟು ಗಡುಸಾಗುತ್ತದೆ. 1980ರ ದಶಕದ ಎರಡನೇ ಭಾಗದಿಂದ ತಜ್ಞರು ದಾರಿ ಬದಲಿಸಿದರು. ಮೊದಲು ಮಗುವನ್ನು ಸ್ಥಿರಗೊಳಿಸಬೇಕು, ರಂಧ್ರ ಹೊಲಿಯುವುದು ಆಮೇಲೆ. ತುರ್ತು ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ಈ ಕಾಯಿಲೆ ಹೊರಬಂತು.

ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದು ಎಂದು ಯಾರೂ ಭಾವಿಸಬಾರದು. ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಒತ್ತಿದರೆ ಅದು ಜಠರಕ್ಕೂ ಹೋಗಿ ಎದೆಯೊಳಗಿನ ಕರುಳನ್ನು ಉಬ್ಬಿಸುತ್ತದೆ, ಆದ್ದರಿಂದ ಮಾಸ್ಕ್ ಬಿಟ್ಟು ನೇರವಾಗಿ ಶ್ವಾಸನಾಳಕ್ಕೆ ಕೊಳವೆ ಹಾಕುತ್ತಾರೆ. ಜಠರಕ್ಕೆ ಇನ್ನೊಂದು ಕೊಳವೆ ಇಳಿಸಿ ಗಾಳಿ ಹೀರುತ್ತಾರೆ. ವೆಂಟಿಲೇಟರಿನ ಒತ್ತಡವನ್ನು ಆದಷ್ಟು ಮೃದುವಾಗಿ ಇಡುತ್ತಾರೆ. ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೆಚ್ಚಾದರೂ ಸಹಿಸುತ್ತಾರೆ, ಯಾಕೆಂದರೆ ಸಂಖ್ಯೆಗಳನ್ನು ಸುಂದರಗೊಳಿಸಲು ಜೋರಾಗಿ ಗಾಳಿ ತಳ್ಳಿದರೆ ಇರುವ ಚೂರು ಶ್ವಾಸಕೋಶವೂ ಹರಿದುಹೋಗುತ್ತದೆ. ಹೃದಯದ ಎಕೋ ಪರೀಕ್ಷೆ ಮಾಡಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಅಳೆಯುತ್ತಾರೆ. ಆಮ್ಲಜನಕದ ಮಟ್ಟವನ್ನು ಬಲಗೈಯಲ್ಲಿ ನೋಡುತ್ತಾರೆ, ಮಿದುಳಿಗೆ ಹೋಗುವ ರಕ್ತದ ಸ್ಥಿತಿ ಅಲ್ಲಿ ತಿಳಿಯುತ್ತದೆ. ಮೂತ್ರ ಸರಿಯಾಗಿ ಬರುತ್ತಿದೆ, ರಕ್ತದೊತ್ತಡ ಸ್ಥಿರವಾಗಿದೆ, ಅಂಗಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಇಳಿದಿದೆ ಎಂದಾಗ, ಕೆಲವು ದಿನಗಳ ಬಳಿಕ, ಹಗಲು ಹೊತ್ತಿನಲ್ಲಿ, ಪೂರ್ತಿ ತಂಡ ಇರುವಾಗ ಶಸ್ತ್ರಚಿಕಿತ್ಸೆ.

ಅಷ್ಟಾದರೂ ಉಸಿರಾಟ ಸ್ಥಿರವಾಗದ ಮಕ್ಕಳಿಗೆ ಎಕ್ಮೋ ಎಂಬ ವ್ಯವಸ್ಥೆ ಇದೆ. ರಕ್ತವನ್ನು ಹೊರತೆಗೆದು, ಯಂತ್ರದಲ್ಲಿ ಆಮ್ಲಜನಕ ಬೆರೆಸಿ ಮತ್ತೆ ಮೈಗೆ ಕಳಿಸುವುದು. ನವಜಾತ ಶಿಶುವೊಂದನ್ನು ಇದರ ಸಹಾಯದಿಂದ ಮೊದಲು ಉಳಿಸಿದ್ದು 1975ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅದನ್ನು ಸಾಧಿಸಿದ ರಾಬರ್ಟ್ ಬಾರ್ಟ್‌ಲೆಟ್ ಒಬ್ಬ ಶಸ್ತ್ರಚಿಕಿತ್ಸಕ. ತೀವ್ರ ನಿಗಾ ವಿಭಾಗದ ಅತಿ ಕ್ಲಿಷ್ಟ ಯಂತ್ರ ಸರ್ಜನ್ ಒಬ್ಬರ ಕೈಯಿಂದ ಬಂದದ್ದು ಈ ಎರಡು ಕ್ಷೇತ್ರಗಳು ಎಷ್ಟು ಹೆಣೆದುಕೊಂಡಿವೆ ಎಂಬುದಕ್ಕೆ ಸಾಕ್ಷಿ.

ಕತ್ತಿ ಇಡದಿರುವುದು, ಒಂದು ನಿಮಿಷವೂ ಕಾಯದಿರುವುದು

ಗುಲ್ಮದ ವಿಷಯದಲ್ಲೂ ಇದೇ ಬಗೆಯ ಬದಲಾವಣೆ ಆಯಿತು. ಹೊಟ್ಟೆಯ ಎಡಭಾಗದಲ್ಲಿರುವ ಈ ಅಂಗ ಸೈಕಲ್ ಅಥವಾ ಮರದಿಂದ ಬಿದ್ದ ಮಕ್ಕಳಲ್ಲಿ ಸುಲಭವಾಗಿ ಸೀಳುತ್ತದೆ. ಹಿಂದೆ ಸೀಳಿದ ಗುಲ್ಮವನ್ನು ತೆಗೆದುಹಾಕುತ್ತಿದ್ದರು. ಗುಲ್ಮವಿಲ್ಲದ ಮಕ್ಕಳು ಮುಂದೆ ಭೀಕರ ಸೋಂಕಿಗೆ ತುತ್ತಾಗುತ್ತಾರೆ ಎಂಬುದು 1950ರ ದಶಕದಿಂದ ಗೊತ್ತಾಗತೊಡಗಿತು. ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ಸರ್ಜನ್‌ಗಳು, ಮಗು ಸ್ಥಿರವಾಗಿದ್ದರೆ ಗುಲ್ಮ ತಾನೇ ಕೂಡಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. ಇಂದು ಸ್ಥಿರವಾಗಿರುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದೇ ಇಲ್ಲ. ಸ್ಕ್ಯಾನ್‌ನಲ್ಲಿ ಸೀಳು ಎಷ್ಟು ಆಳವಾಗಿದೆ ಎನ್ನುವುದಕ್ಕಿಂತ ನಾಡಿ, ರಕ್ತದೊತ್ತಡ, ರಕ್ತ ಕೊಟ್ಟ ಮೇಲೆ ಮಗು ಹೇಗೆ ಸ್ಪಂದಿಸಿತು ಎನ್ನುವುದು ಇಲ್ಲಿ ಮುಖ್ಯ. ಆದರೆ ಕಾದು ನೋಡುವ ಸರ್ಜನ್‌ಗೆ ಕೈಮೀರುವ ಕ್ಷಣವನ್ನು ಗುರುತಿಸುವ ಕಣ್ಣು ಇರಲೇಬೇಕು.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಹಸಿರು ವಾಂತಿ. ಹುಟ್ಟಿದ ಮೊದಲ ದಿನಗಳಲ್ಲಿ ಮಗು ಹಾಲು ಕಕ್ಕುವುದು ಸಾಮಾನ್ಯ. ವಾಂತಿ ಹಸಿರಾಗಿದ್ದರೆ ಅದು ಪಿತ್ತ. ಕರುಳು ತಿರುಚಿಕೊಂಡು ರಕ್ತ ಸಂಚಾರ ನಿಂತಿರಬಹುದು. ಹಾಗೆ ತಿರುಚಿದ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಇಲ್ಲಿ ಸ್ಥಿರಗೊಳಿಸುತ್ತೇವೆಂದು ಕುಳಿತರೆ ಕರುಳು ಉಳಿಯುವುದಿಲ್ಲ. ದ್ರವ ಏರಿಸುತ್ತಲೇ ಥಿಯೇಟರಿಗೆ ಒಯ್ಯಬೇಕು. ಹೆತ್ತವರು ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ: ನವಜಾತ ಶಿಶುವಿನ ಹಸಿರು ವಾಂತಿಗೆ ಮನೆಮದ್ದು ಬೇಡ, ಬೆಳಗಾಗಲಿ ಎಂದು ಕಾಯುವುದೂ ಬೇಡ.

ಯಾವ ಮಗುವಿಗೆ ಕಾಯಬೇಕು, ಯಾವುದಕ್ಕೆ ಓಡಬೇಕು ಎನ್ನುವ ವಿವೇಕ ಪುಸ್ತಕದಿಂದ ಅರ್ಧ ಬರುತ್ತದೆ. ಉಳಿದರ್ಧಕ್ಕೆ ತರಬೇತಿ ಬೇಕು.

ಓದಿನ ಹಾದಿ

ಭಾರತದಲ್ಲಿ ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್ ಮೂರು ವರ್ಷ. ಅದರ ಮೇಲೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಎಂಸಿಎಚ್ ಇನ್ನೂ ಮೂರು ವರ್ಷ. ಪ್ರವೇಶ ಪರೀಕ್ಷೆಗಳ ಕಾಯುವಿಕೆ ಬಿಟ್ಟು, ಒಟ್ಟು ಹನ್ನೊಂದೂವರೆ ವರ್ಷ. ಎಂಬಿಬಿಎಸ್ ಮುಗಿಸಿದವರು ನೇರವಾಗಿ ಸೇರಬಹುದಾದ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಆರು ವರ್ಷದ ಡಿಆರ್‌ಎನ್‌ಬಿ ಎಂಬ ದಾರಿಯೂ ಇದೆ. ಮಕ್ಕಳ ತೀವ್ರ ನಿಗಾ ವಿಭಾಗಕ್ಕೆ ಡಿಎಂ ಎಂಬ ಮೂರು ವರ್ಷದ ಪದವಿ ಇದೆ, ಆದರೆ ಅದು ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದವರ ಹಾದಿ. ಸರ್ಜನ್ ಆಗುವವರು ತೀವ್ರ ನಿಗಾ ವಿದ್ಯೆಯನ್ನು ಮುಖ್ಯವಾಗಿ ಎಂಸಿಎಚ್ ಓದಿನೊಳಗೇ, ಎನ್‌ಐಸಿಯು ಮತ್ತು ಪಿಐಸಿಯುಗಳ ಸರದಿ ಕೆಲಸದಲ್ಲಿ ಕಲಿಯುತ್ತಾರೆ. ಆಮೇಲೆ ಫೆಲೋಶಿಪ್‌ಗಳು, ಕಿರು ಕೋರ್ಸುಗಳು.

ಅಮೆರಿಕದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಜನರಲ್ ಸರ್ಜರಿ ಐದು ವರ್ಷ, ಮಕ್ಕಳ ಶಸ್ತ್ರಚಿಕಿತ್ಸೆ ಎರಡು ವರ್ಷ. ಇವೆರಡರ ನಡುವೆ ಶಸ್ತ್ರಚಿಕಿತ್ಸಾ ತೀವ್ರ ನಿಗಾ ಎಂಬ ಒಂದು ವರ್ಷದ ಫೆಲೋಶಿಪ್ ಮಾಡುವವರು ಅನೇಕರು. ಈ ವಿಭಾಗಕ್ಕೆ ಅಲ್ಲಿನ ಶಸ್ತ್ರಚಿಕಿತ್ಸಾ ಮಂಡಳಿ 1986ರಿಂದ ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತಿದೆ. ಆ ಒಂದು ವರ್ಷ ಸರ್ಜನ್ ಮುಖ್ಯವಾಗಿ ಥಿಯೇಟರಿನಿಂದ ಹೊರಗೆ, ವೆಂಟಿಲೇಟರ್ ಪಕ್ಕದಲ್ಲಿ ಇರುತ್ತಾರೆ. ನಮ್ಮಲ್ಲಿ ಸರದಿ ಕೆಲಸಕ್ಕೆ ಸಿಗುವ ವಾರಗಳು ಥಿಯೇಟರಿನ ಒತ್ತಡದಲ್ಲಿ ಕಳೆದುಹೋಗದಂತೆ ಕಾಯುವುದು ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಕೈ ಪಳಗಲು ಶಸ್ತ್ರಚಿಕಿತ್ಸೆಗಳ ಎಣಿಕೆ ಹೇಗೆ ಬೇಕೋ, ಐಸಿಯು ರಾತ್ರಿಗಳ ಎಣಿಕೆಯೂ ಹಾಗೆಯೇ ಬೇಕು.

ವಿಮಾನ ಅಪಘಾತದಿಂದ ಹುಟ್ಟಿದ ಕೋರ್ಸ್

1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಜಿಮ್ ಸ್ಟೈನರ್ ಎಂಬ ಮೂಳೆ ಶಸ್ತ್ರಚಿಕಿತ್ಸಕರು ತಾವೇ ನಡೆಸುತ್ತಿದ್ದ ಪುಟ್ಟ ವಿಮಾನ ಹೊಲವೊಂದಕ್ಕೆ ಅಪ್ಪಳಿಸಿತು. ಹೆಂಡತಿ ಸ್ಥಳದಲ್ಲೇ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ಗಂಭೀರ ಗಾಯ. ಹತ್ತಿರದ ಆಸ್ಪತ್ರೆಗೆ ಹೇಗೋ ತಲುಪಿದಾಗ, ತೀವ್ರವಾಗಿ ಗಾಯಗೊಂಡ ಮಗುವಿಗೆ ಮೊದಲು ಏನು ಮಾಡಬೇಕೆಂಬುದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಹೊಲದಲ್ಲಿ ಬರಿಗೈಯಲ್ಲಿ ತಾನು ಕೊಟ್ಟ ಆರೈಕೆ ಆಸ್ಪತ್ರೆಯಲ್ಲಿ ಸಿಕ್ಕ ಆರೈಕೆಗಿಂತ ಮೇಲಾಗಿದ್ದರೆ ವ್ಯವಸ್ಥೆಯಲ್ಲೇ ದೋಷವಿದೆ ಎಂದು ಅವರು ಮುಂದೆ ಹೇಳಿದರು. ಸಹೋದ್ಯೋಗಿಗಳೊಂದಿಗೆ ಸೇರಿ 1978ರಲ್ಲಿ ಒಂದು ತರಬೇತಿ ಆರಂಭಿಸಿದರು. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ತನ್ನದಾಗಿಸಿಕೊಂಡಿತು. ಇಂದು ಭಾರತವೂ ಸೇರಿ ಜಗತ್ತಿನ ಬಹುಭಾಗದಲ್ಲಿ ಕಲಿಸುವ ಎಟಿಎಲ್‌ಎಸ್ (ಅಡ್ವಾನ್ಸ್‌ಡ್ ಟ್ರಾಮಾ ಲೈಫ್ ಸಪೋರ್ಟ್) ಕೋರ್ಸ್ ಅದೇ.

ಅದರ ತಿರುಳು ಸರಳ. ಗಾಯಾಳು ಬಂದಾಗ ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ರಕ್ತ ಸಂಚಾರ, ಮಿದುಳಿನ ಸ್ಥಿತಿ, ಕೊನೆಗೆ ಬಟ್ಟೆ ತೆಗೆದು ಇಡೀ ಮೈ ನೋಡುವುದು. ಕಣ್ಣಿಗೆ ಭೀಕರವಾಗಿ ಕಾಣುವ ಮುರಿದ ಕಾಲಿಗಿಂತ ಕಾಣದ ಉಸಿರಿನ ತಡೆ ಮೊದಲು ಕೊಲ್ಲುತ್ತದೆ ಎಂಬ ತಿಳಿವಳಿಕೆ ಈ ಕ್ರಮದ ಹಿಂದಿದೆ. ಮಕ್ಕಳಲ್ಲಿ ಕೊನೆಯ ಹಂತವನ್ನು ಬೇಗ ಮುಗಿಸಿ ಮೈ ಮುಚ್ಚಬೇಕು, ಇಲ್ಲದಿದ್ದರೆ ಮಗು ತಣ್ಣಗಾಗಿ ರಕ್ತ ಹೆಪ್ಪುಗಟ್ಟುವುದು ಕುಂಠಿತವಾಗುತ್ತದೆ.

ಮಕ್ಕಳಿಗಾಗಿಯೇ ಇರುವ ಇನ್ನೊಂದು ಕೋರ್ಸ್ ಪಿಎಎಲ್‌ಎಸ್ (ಪೀಡಿಯಾಟ್ರಿಕ್ ಅಡ್ವಾನ್ಸ್‌ಡ್ ಲೈಫ್ ಸಪೋರ್ಟ್), 1988ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆರಂಭಿಸಿದ್ದು. ಮಗುವನ್ನು ಮುಟ್ಟುವ ಮೊದಲೇ ಅದರ ಚಟುವಟಿಕೆ, ಉಸಿರಿಗೆ ಪಡುತ್ತಿರುವ ಶ್ರಮ, ಚರ್ಮದ ಬಣ್ಣ ಈ ಮೂರನ್ನು ಅರೆ ನಿಮಿಷದಲ್ಲಿ ಅಳೆಯುವುದನ್ನು ಅಲ್ಲಿ ಕಲಿಸುತ್ತಾರೆ. ಬೊಂಬೆಗಳ ಮೇಲೆ ಅಭ್ಯಾಸ ನಡೆಯುತ್ತದೆ. ತಂಡದ ಮುಖ್ಯಸ್ಥರು ಹೇಳಿದ ಔಷಧದ ಹೆಸರು, ಪ್ರಮಾಣವನ್ನು ಕೊಡುವವರು ಗಟ್ಟಿಯಾಗಿ ಮರುನುಡಿಯಬೇಕು, ಕೊಟ್ಟಾದ ಮೇಲೆ ಕೊಟ್ಟೆ ಎಂದು ಹೇಳಬೇಕು. ಹತ್ತು ಪಟ್ಟಿನ ತಪ್ಪು ಸಿಕ್ಕಿಬೀಳುವುದು ಈ ಮರುನುಡಿಯಲ್ಲಿ. ಇಂಥ ಕೌಶಲ ಬಳಸದಿದ್ದರೆ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಪಿಎಎಲ್‌ಎಸ್ ಪ್ರಮಾಣಪತ್ರವನ್ನು ಎರಡು ವರ್ಷಕ್ಕೊಮ್ಮೆ, ಎಟಿಎಲ್‌ಎಸ್ ಅನ್ನು ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿರುವುದು ಅದಕ್ಕಾಗಿ.

ಥಿಯೇಟರಿನಿಂದ ಐಸಿಯುಗೆ

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಶಿಶುಗಳ ಸಾವಿನ ಬಗ್ಗೆ ದೊಡ್ಡ ವಿಚಾರಣೆ ನಡೆದು, ಇಯಾನ್ ಕೆನಡಿ ನೇತೃತ್ವದ ಸಮಿತಿ 2001ರಲ್ಲಿ ವರದಿ ಕೊಟ್ಟಿತು. 1991ರಿಂದ 1995ರ ನಡುವೆ, ಬೇರೆ ಸಾಮಾನ್ಯ ಕೇಂದ್ರಗಳಿಗೆ ಹೋಲಿಸಿದರೆ, ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಹೆಚ್ಚಾಗಿ ಸತ್ತಿದ್ದವು. ವರದಿ ಸರ್ಜನ್‌ಗಳ ಕೈಯನ್ನು ಮಾತ್ರ ದೂರಲಿಲ್ಲ. ಶಸ್ತ್ರಚಿಕಿತ್ಸೆ ಒಂದು ಕಟ್ಟಡದಲ್ಲಿ, ಮಕ್ಕಳ ಹೃದ್ರೋಗ ತಜ್ಞರು ಇನ್ನೊಂದು ಆಸ್ಪತ್ರೆಯಲ್ಲಿ. ಶಸ್ತ್ರಚಿಕಿತ್ಸೆಯಾದ ಶಿಶುಗಳನ್ನು ದೊಡ್ಡವರೂ ಇರುವ ಐಸಿಯುನಲ್ಲಿ ಇಡುತ್ತಿದ್ದರು. ಮಗುವಿನ ಹೊಣೆ ಯಾರದು ಎಂಬುದು ಸ್ಪಷ್ಟವಿರಲಿಲ್ಲ.

ಅದೇ ಕಾಲದಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಮಾರ್ಕ್ ಡಿ ಲೆವಾಲ್ ಎಂಬ ಹೃದಯ ಶಸ್ತ್ರಚಿಕಿತ್ಸಕರು ಬಹಳ ಅಪರೂಪದ ಕೆಲಸ ಮಾಡಿದರು. ಒಂದು ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ತಮ್ಮ ಕೈಯಲ್ಲಿ ಸಾಲಾಗಿ ಮಕ್ಕಳು ಸತ್ತಾಗ, ಅದನ್ನು ಅದೃಷ್ಟಕ್ಕೆ ಬಿಡದೆ ಅಂಕಿ ಅಂಶಗಳೊಂದಿಗೆ ಪರಿಶೀಲಿಸಿದರು. ಫಲಿತಾಂಶ ಉತ್ತಮವಿದ್ದ ಇನ್ನೊಬ್ಬ ಸರ್ಜನ್ ಬಳಿ ಹೋಗಿ ಮತ್ತೆ ತರಬೇತಿ ಪಡೆದರು. ಎಲ್ಲವನ್ನೂ 1994ರಲ್ಲಿ ತಮ್ಮ ಹೆಸರಿನಲ್ಲೇ ಪ್ರಕಟಿಸಿದರು. ಹೆಸರಾಂತ ಸರ್ಜನ್ ಒಬ್ಬರು ಹೀಗೆ ಮತ್ತೆ ವಿದ್ಯಾರ್ಥಿಯಾದದ್ದನ್ನು ಓದಿದಾಗೆಲ್ಲ ನನಗೆ ಗೌರವ ಮೂಡುತ್ತದೆ.

ಅದೇ ಆಸ್ಪತ್ರೆಯ ತಂಡ ಮುಂದೆ ಶಸ್ತ್ರಚಿಕಿತ್ಸೆ ಮುಗಿದ ಮಗುವನ್ನು ಥಿಯೇಟರಿನಿಂದ ಐಸಿಯುಗೆ ಒಪ್ಪಿಸುವ ಕೆಲವು ನಿಮಿಷಗಳನ್ನು ಅಧ್ಯಯನಕ್ಕೆ ಎತ್ತಿಕೊಂಡಿತು. ವೆಂಟಿಲೇಟರ್, ಔಷಧದ ಪಂಪ್, ತಂತಿಗಳೆಲ್ಲ ಬದಲಾಗುವ ಹೊತ್ತು ಅದು. ಎಲ್ಲರೂ ಒಟ್ಟಿಗೆ ಮಾತನಾಡುತ್ತಿರುತ್ತಾರೆ, ಮುಖ್ಯ ಮಾಹಿತಿ ಬಿಟ್ಟುಹೋಗುತ್ತದೆ. ಫಾರ್ಮುಲಾ ಒನ್ ಕಾರು ಓಟದಲ್ಲಿ ಸೆಕೆಂಡುಗಳಲ್ಲಿ ಚಕ್ರ ಬದಲಿಸುವ ಫೆರಾರಿ ತಂಡವನ್ನು ಭೇಟಿ ಮಾಡಿ ಸಲಹೆ ಕೇಳಿದರು. ಯಾರು ಎಲ್ಲಿ ನಿಲ್ಲಬೇಕು, ಯಾರ ಕೆಲಸ ಏನು, ಮೊದಲು ಯಂತ್ರಗಳು ಆಮೇಲೆ ಮಾತು, ಒಬ್ಬರು ಹೇಳುವಾಗ ಉಳಿದವರು ಮೌನ ಎಂಬ ಕ್ರಮ ತಂದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಾಂತ್ರಿಕ ತಪ್ಪುಗಳೂ ಬಿಟ್ಟುಹೋಗುವ ಮಾಹಿತಿಯೂ ಗಣನೀಯವಾಗಿ ಇಳಿದವು, ಸಮಯವೇನೂ ಹೆಚ್ಚಾಗಲಿಲ್ಲ. ಈಗ ಇಂಥ ಹಸ್ತಾಂತರ ಸರ್ಜನ್‌ಗಳ ತರಬೇತಿಯ ಭಾಗ.

ಒಂದೇ ಕಾಯಿಲೆ, ಮೂರು ಬಗೆಯ ದೇಶ

ಗ್ಯಾಸ್ಟ್ರೋಸ್ಕೈಸಿಸ್ ಎಂಬ ಜನ್ಮದೋಷದಲ್ಲಿ ಹೊಕ್ಕುಳ ಪಕ್ಕದ ತೂತಿನಿಂದ ಮಗುವಿನ ಕರುಳು ಹೊರಗೆ ಬಂದಿರುತ್ತದೆ. ಶಸ್ತ್ರಚಿಕಿತ್ಸೆಯ ದೃಷ್ಟಿಯಿಂದ ಇದು ಅತಿ ಕಠಿಣವಲ್ಲ. ಕರುಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ದಿನಗಳಲ್ಲಿ ನಿಧಾನವಾಗಿ ಒಳಗಿಳಿಸಿ ಮುಚ್ಚುತ್ತಾರೆ. 74 ದೇಶಗಳ 264 ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನವೊಂದು 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ದೋಷವಿರುವ ಮಕ್ಕಳಲ್ಲಿ ಸಾಯುವವರ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇ 1ರ ಆಸುಪಾಸು, ಮಧ್ಯಮ ಆದಾಯದ ದೇಶಗಳಲ್ಲಿ ಶೇ 32ರ ಹತ್ತಿರ, ಬಡ ದೇಶಗಳಲ್ಲಿ ಶೇ 90.

ಹೊಲಿಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಮಗು ತಣ್ಣಗಾಗದೆ, ಸೋಂಕಿಲ್ಲದೆ ಆಸ್ಪತ್ರೆಗೆ ತಲುಪಿತೇ, ಬೇಕಾದಾಗ ವೆಂಟಿಲೇಟರ್ ಸಿಕ್ಕಿತೇ, ಕರುಳು ಕೆಲಸ ಶುರುಮಾಡುವವರೆಗೆ ವಾರಗಟ್ಟಲೆ ರಕ್ತನಾಳದ ಮೂಲಕ ಪೋಷಣೆ ಕೊಡಲು ಸಾಧ್ಯವಾಯಿತೇ ಎನ್ನುವುದರಲ್ಲಿ. ಈ ಪಟ್ಟಿಯಲ್ಲಿರುವುದೆಲ್ಲ ತೀವ್ರ ನಿಗಾ ವಿದ್ಯೆಯೇ.

ರಾಯಚೂರಿನಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್, ಬೀದರಿನಿಂದ 700ರ ಹತ್ತಿರ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ದೂರದ ಜಿಲ್ಲೆಗಳಿಂದ ಮಕ್ಕಳು ಬರುವಾಗ ದಾರಿಯ ಆ ಗಂಟೆಗಳೂ ಚಿಕಿತ್ಸೆಯ ಭಾಗವೇ ಆಗುತ್ತವೆ. ಆದ್ದರಿಂದ ತರಬೇತಿ ಪಡೆದ ಸರ್ಜನ್ ಫೋನಿನಲ್ಲಿ ಮೊದಲು ಕೇಳುವುದು ಸ್ಕ್ಯಾನ್ ವಿಷಯವನ್ನಲ್ಲ. ಮಗು ಬೆಚ್ಚಗಿದೆಯೇ, ಸಕ್ಕರೆ ಪರೀಕ್ಷಿಸಿದ್ದೀರಾ, ಜಠರಕ್ಕೆ ಕೊಳವೆ ಹಾಕಿದ್ದೀರಾ, ಮೂತ್ರ ಬಂದಿತೇ ಎಂದು ಕೇಳುತ್ತಾರೆ.

ಮನೆಯವರು ಏನು ಕೇಳಬಹುದು

ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದಾಗ, ಮಗುವಿನಲ್ಲಿ ಯಾವುದು ಸುಧಾರಿಸಲೆಂದು ಕಾಯುತ್ತಿದ್ದೀರಿ ಎಂದು ನೇರವಾಗಿ ಕೇಳಿ. ಉಸಿರಾಟವೇ, ರಕ್ತದೊತ್ತಡವೇ, ಸೋಂಕೇ? ಏನಾದರೆ ಕಾಯದೆ ತಕ್ಷಣ ಮಾಡುತ್ತೀರಿ ಎಂದೂ ಕೇಳಿ. ಚೆನ್ನಾಗಿ ಕಲಿತ ಸರ್ಜನ್ ಬಳಿ ಎರಡಕ್ಕೂ ಉತ್ತರವಿರುತ್ತದೆ, ಈ ಪ್ರಶ್ನೆಗಳಿಂದ ಅವರಿಗೆ ಬೇಸರವೂ ಆಗದು. ಮುಂಚಿತವಾಗಿ ಗೊತ್ತಿರುವ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಆರಿಸಿಕೊಳ್ಳುವ ಅವಕಾಶವಿದ್ದರೆ, ಅಲ್ಲಿ ಮಕ್ಕಳಿಗೇ ಪ್ರತ್ಯೇಕ ಐಸಿಯು ಇದೆಯೇ, ರಾತ್ರಿ ಯಾರಿರುತ್ತಾರೆ ಎಂದು ವಿಚಾರಿಸಿ.

ಬೇರೆ ಊರಿಗೆ ನವಜಾತ ಶಿಶುವನ್ನು ಒಯ್ಯಬೇಕಾಗಿ ಬಂದರೆ ಹೊರಡುವ ಮೊದಲು ಆ ಆಸ್ಪತ್ರೆಗೆ ಫೋನ್ ಮಾಡಿಸಿ. ಮಗುವಿನ ತಲೆಗೆ ಟೋಪಿ ಇರಲಿ, ಒದ್ದೆ ಬಟ್ಟೆ ಬದಲಿಸಿ. ತಾಯಿ ಜೊತೆಗೆ ಬರುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಆಕೆಯ ರಕ್ತದ ಮಾದರಿಯನ್ನು ಕೇಳಿ ತನ್ನಿ, ಶಿಶುವಿಗೆ ರಕ್ತ ಹೊಂದಿಸಲು ಅದು ಬೇಕಾಗುತ್ತದೆ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಶಿಶುವಿನ ರಕ್ತ ಸರಿಯಾಗಿ ಹೆಪ್ಪುಗಟ್ಟಲು ಆ ಚುಚ್ಚುಮದ್ದು ಬೇಕು, ಆದ್ದರಿಂದ ಸರ್ಜನ್ ಕತ್ತಿ ಹಿಡಿಯುವ ಮೊದಲು ಅದನ್ನು ಕೇಳಿಯೇ ಕೇಳುತ್ತಾರೆ.